ಶಾಂಭವಿಯ ಗೊಣಗಜ್ಜಿ

ಆ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು. ದಕ್ಷಿಣ ಸಾಗರದ ಅಲೆಗಳು ‘ಶಾಂಭವಿ’ ಹಡಗನ್ನು ಮೊರದಲ್ಲಿ ಅಕ್ಕಿ ಕೇರುವಂತೆ ಎತ್ತಿ ಎತ್ತಿ ಹಾಕುತ್ತಿದ್ದವು. ಗಾಳಿ, ಎಂಜಿನ್ನು, ಅಡುಗೆಮನೆಯ ಪಾತ್ರೆಗಳು, ಎಲ್ಲವೂ ತಮ್ಮ ತಮ್ಮ ಗದ್ದಲ ಮಾಡುತ್ತಿದ್ದವು. ಅವೆಲ್ಲದರ ಕೆಳಗೆ, ಹಡಗಿನ ಹೊಟ್ಟೆಯೊಳಗಿಂದ, ಯಾರೋ ತಮ್ಮಷ್ಟಕ್ಕೆ ಏನನ್ನೋ ಹೇಳಿಕೊಳ್ಳುತ್ತಿರುವಂಥ ತಗ್ಗಿದ ದನಿಯೊಂದು ಬಿಡದೆ ಬರುತ್ತಿತ್ತು.

ಡಾ. ತನ್ಮಯಿ ಹೊಸಪೇಟಿ ಕಬ್ಬಿಣದ ಏಣಿ ಇಳಿದು ತಳದ ಕೋಣೆಗೆ ಬಂದಳು. ದನಿ ಹೊರಡಿಸುತ್ತಿದ್ದ ಪೆಟ್ಟಿಗೆ ಅಲ್ಲಿತ್ತು. ಅಕ್ಕಿಯ ಡಬ್ಬದಷ್ಟು ದೊಡ್ಡದು. ಅದರಿಂದ ಹೊರಟ ತಂತಿಗಳು ಹಡಗಿನ ತಳದ ಉದ್ದಕ್ಕೂ ಹರಡಿಕೊಂಡಿದ್ದವು. ಹದಿನೈದು ವರ್ಷದ ಹಿಂದೆ ಇದನ್ನು ರೂಪಿಸಿದವಳು ಅವಳೇ. ಆದರೆ ಪ್ರಯೋಗಾಲಯದ ತೊಟ್ಟಿಗಳಿಂದಾಚೆ, ನಿಜವಾದ ಕಡಲಿನಲ್ಲಿ ಅದು ಕೆಲಸ ಮಾಡುವುದನ್ನು ಇಷ್ಟು ದಿನ ಜೊತೆಗಿದ್ದು ನೋಡಿದ್ದು ಇದೇ ಮೊದಲು.

ಪೆಟ್ಟಿಗೆಯ ಹಣೆಗೆ ಗಂಧದ ಬೊಟ್ಟು ಇತ್ತು. ಮುಂದೆ ಒಂದು ಸ್ಟೀಲ್ ಬಟ್ಟಲಿನಲ್ಲಿ ಎರಡು ಚಮಚ ಕುಚ್ಚಲಕ್ಕಿ ಗಂಜಿ.

“ಇವತ್ತು ಸಂಕ್ರಮಣ ಅಲ್ಲವಾ ಮೇಡಂ,” ಎಂದು ಹಿಂದಿನಿಂದ ದನಿ ಬಂತು. ಹಡಗಿನ ತಾಂಡೇಲ ಗುಣಕರ ಮೆಂಡನ್. ಮಲ್ಪೆಯವನು. ಕೆಲಸಗಾರರಿಗೆಲ್ಲ ಹಿರಿಯ. “ಅಜ್ಜಿಗೆ ಬಡಿಸದೆ ನಾವು ಉಣ್ಣುವ ಕ್ರಮ ಇಲ್ಲ.”

“ಅಜ್ಜಿ ಗಂಜಿ ಕುಡಿತಾಳೇನ್ರಿ?”

“ಕುಡಿಯುದಿಲ್ಲ. ಆದರೆ ಕೊಡದಿದ್ದರೆ ಗೊಣಗ್ತಾಳೆ.”

“ಕೊಟ್ರೂ ಗೊಣಗಾಕ ಹತ್ಯಾಳಲ್ರಿ.”

ಗುಣಕರ ನಕ್ಕ. “ಗೊಣಗುವ ಅಜ್ಜಿ ಇರುವ ಮನೆಗೆ ಕಳ್ಳ ನುಗ್ಗುದಿಲ್ಲ ಮೇಡಂ. ಅದಿರಲಿ, ನಿಮ್ಮ ಗದಗದಲ್ಲಿ ಸಮುದ್ರ ಉಂಟಾ?”

“ಸಮುದ್ರ ಎಲ್ಲಿಂದ ಬರಬೇಕ್ರಿ. ಭೀಷ್ಮ ಕೆರಿ ಅದ.”

“ನೋಡಿ ಮತ್ತೆ. ಕೆರೆಯವರು ಸಮುದ್ರದವರಿಗೆ ಅಜ್ಜಿಯನ್ನು ಕೊಟ್ಟದ್ದು.”

ಕಳ್ಳ ಎಂದು ಅವನು ಅಂದದ್ದು ತಪ್ಪಲ್ಲ. ಪಚ್ಚಿಲೆಯಂಥ ಚಿಪ್ಪುಜೀವಿಗಳ ಮರಿಗಳು ಹುಟ್ಟುವಾಗ ಧೂಳಿನ ಕಣದಷ್ಟಿರುತ್ತವೆ. ಕೆಲವು ವಾರ ನೀರು ಒಯ್ದತ್ತ ತೇಲುತ್ತವೆ. ಆಮೇಲೆ ಎಲ್ಲಾದರೂ ಅಂಟಿಕೊಂಡು ನೆಲೆ ನಿಲ್ಲಬೇಕು. ಅವಕ್ಕೆ ಕಿವಿಯಿಲ್ಲ, ಆದರೆ ನೀರಿನ ಕಂಪನ ಮೈಗೆ ತಿಳಿಯುತ್ತದೆ. ಬಂಡೆಗಲ್ಲಿನ ದಂಡೆ ಒಂದು ಬಗೆಯಲ್ಲಿ ಮಿಡಿಯುತ್ತದೆ, ಬರಿಯ ಮರಳಿನ ನೆಲ ಇನ್ನೊಂದು ಬಗೆಯಲ್ಲಿ. ಮನುಷ್ಯರ ದುರದೃಷ್ಟಕ್ಕೆ, ಬಂದರಿನಲ್ಲಿ ನಿಂತ ಹಡಗಿನ ಜನರೇಟರು ಕಬ್ಬಿಣದ ತಳದ ಮೂಲಕ ಹೊರಡಿಸುವ ಗುಂಯ್‌ಗುಡುವಿಕೆ ಅವುಗಳಿಗೆ ಒಳ್ಳೆಯ ಬಂಡೆಯ ಕರೆಯಂತೆಯೇ ಕೇಳಿಸುತ್ತದೆ. ಅವು ಬಂದು ಅಂಟುತ್ತವೆ. ಹಡಗು ಹೊರಡುತ್ತದೆ.

ಹಿಂದೆ ಇದರಿಂದ ಧ್ರುವಗಳಿಗೆ ಅಪಾಯವಿರಲಿಲ್ಲ. ಕೊರೆಯುವ ನೀರು ಪರದೇಶದ ಜೀವಿಗಳನ್ನು ಕೊಲ್ಲುತ್ತಿತ್ತು, ತೇಲುವ ಹಿಮ ಹಡಗಿನ ತಳವನ್ನು ಉಜ್ಜಿ ತೆಗೆಯುತ್ತಿತ್ತು. ಶತಮಾನದ ನಡುವಿಗೆ ಬರುವಷ್ಟರಲ್ಲಿ ಹಿಮ ತೆಳುವಾಗಿತ್ತು, ನೀರು ಒಂದಿಷ್ಟು ಬೆಚ್ಚಗಾಗಿತ್ತು, ಹಡಗುಗಳು ಹೆಚ್ಚಾಗಿದ್ದವು. ದಕ್ಷಿಣ ಧ್ರುವದ ಕಡಲತಳವಾದರೋ ಕೋಟ್ಯಂತರ ವರ್ಷ ತನ್ನಷ್ಟಕ್ಕೆ ತಾನಿದ್ದ ಲೋಕ. ಅಲ್ಲಿನ ಸ್ಪಂಜುಗಳೂ ನಕ್ಷತ್ರಮೀನುಗಳೂ ಬೀಸಣಿಗೆಯಾಕಾರದ ಚಿಪ್ಪುಗಳೂ ನಿಧಾನವಾಗಿ ಬೆಳೆದು ನಿಧಾನವಾಗಿ ಮುಪ್ಪಾಗುತ್ತವೆ. ಸಂತೆಯ ನೂಕುನುಗ್ಗಲಿನಂತೆ ಒಂದರ ಮೇಲೊಂದು ಹತ್ತಿ ಹಬ್ಬುವ ಹೊರಗಿನ ಚಿಪ್ಪುಗಳ ಎದುರು ಅವು ನಿಲ್ಲಲಾರವು.

ತನ್ಮಯಿ ಮಾಡಿದ್ದು ಇಷ್ಟೇ: ಕಾಲೂರಲು ಕಲ್ಲಿಲ್ಲದ ಮರಳು ನೆಲದ ಮಿಡಿತವನ್ನು ಹಡಗಿನ ತಳದಿಂದ ಹೊರಡಿಸಿದಳು. ಮರಿಗಳು ಹತ್ತಿರ ಬಂದವು, ಇಲ್ಲಿ ಜಾಗವಿಲ್ಲ ಎಂದುಕೊಂಡು ತಿರುಗಿ ಹೋದವು. ಕೆಲವೇ ವರ್ಷಗಳಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ದೋಣಿಗಳಿಗೆಲ್ಲ ಇದರ ಸಣ್ಣ ರೂಪ ಬಂತು. ಚಿಪ್ಪಿನ ಎಳೆತವಿಲ್ಲದೆ ಡೀಸೆಲ್ಲು ಉಳಿಯಿತು, ತಳಕ್ಕೆ ಬಳಿಯುತ್ತಿದ್ದ ವಿಷದ ಬಣ್ಣ ನಿಂತಿತು, ಬಂದರಿನ ನೀರಿಗೆ ಏಡಿ ಮರಳಿ ಬಂದವು. ಯಂತ್ರಕ್ಕೆ ಅವಳಿಟ್ಟ ಹೆಸರು ಯಾರಿಗೂ ನೆನಪಿಲ್ಲ. ಕರಾವಳಿಯವರಿಗೆ ಅದು ಗೊಣಗಜ್ಜಿ.

ಈ ಬೇಸಿಗೆಯ ಕೊನೆಗೆ ಧ್ರುವ ಒಪ್ಪಂದದ ದೇಶಗಳು ಸಭೆ ಸೇರಲಿದ್ದವು. ಉತ್ತರ, ದಕ್ಷಿಣ ಎರಡೂ ಧ್ರುವಗಳಿಗೆ ಹೋಗುವ ಪ್ರತಿ ಹಡಗಿಗೂ, ಹೊರಟಲ್ಲಿಂದ ಮರಳುವವರೆಗೆ ಬಿಡದೆ, ಗೊಣಗಜ್ಜಿ ಕಡ್ಡಾಯವೆಂಬ ನಿಯಮಕ್ಕೆ ಒಪ್ಪಿಗೆ ಬೇಕಿತ್ತು. ಅದಕ್ಕೆ ಮೊದಲು, ಶಾಂಭವಿ ವರ್ಷವರ್ಷವೂ ಹೋಗುವ ದಕ್ಷಿಣ ಧ್ರುವದ ಕೊಲ್ಲಿ ನಿರ್ಮಲವಾಗಿದೆ ಎಂದು ತನ್ಮಯಿ ಕಣ್ಣಾರೆ ನೋಡಿ ಬರೆದುಕೊಡಬೇಕಿತ್ತು.

*

ಕೊಲ್ಲಿ ನಿರ್ಮಲವಾಗಿಯೇ ಇತ್ತು.

ದಡದ ಸಂಶೋಧನಾ ನೆಲೆಯಲ್ಲಿ ಹತ್ತಾರು ಬೇಸಿಗೆ ಕಳೆದಿದ್ದ ಜೀವಶಾಸ್ತ್ರಜ್ಞೆ ಫ್ಲೋರಾ ಡಿಅಲ್ಮೇಡಾ ನೀರಿನಿಂದ ಹಗ್ಗ ಎಳೆದು, ತುದಿಯಲ್ಲಿ ಕಟ್ಟಿದ್ದ ಮಂಗಳೂರು ಹಂಚುಗಳನ್ನು ಒಂದೊಂದಾಗಿ ಬಂಡೆಯ ಮೇಲೆ ಇಟ್ಟಳು. ಮನೆಯ ಮಾಡಿಗೆ ಹೊದಿಸುವ ಅದೇ ಕೆಂಪು ಹಂಚು. ಸುಟ್ಟ ಮಣ್ಣಿನ ಮೇಲೆ ಮರಿಗಳು ಚೆನ್ನಾಗಿ ಕೂರುತ್ತವೆಂದು ಅವಳು ಊರಿಂದಲೇ ತರಿಸಿ ನೀರಿಗೆ ಇಳಿಬಿಡುತ್ತಿದ್ದಳು. ವರ್ಷಕ್ಕೊಮ್ಮೆ ಎತ್ತಿ, ಏನೇನು ಕೂತಿದೆ ಎಂದು ನೋಡುವುದು.

“ಒಂದೂ ಪರದೇಶದ್ದಿಲ್ಲ,” ಎಂದಳು ತನ್ಮಯಿ, ಭೂತಗನ್ನಡಿ ಹಿಡಿದು.

“ಇಲ್ಲ.”

“ಮತ್ತ ಯಾಕ ಹಂಗ ಮಾರಿ ಮಾಡ್ಕೊಂಡಿ?”

“ನೀನು ಇಲ್ಲದ್ದನ್ನು ನೋಡಿದೆ. ಇನ್ನೊಂದು ಇಲ್ಲದ್ದನ್ನು ನೋಡು ಮಾರಾಯ್ತಿ. ಇಲ್ಲಿಯದ್ದು ಎಲ್ಲಿದೆ?”

ತನ್ಮಯಿ ಮತ್ತೆ ಬಾಗಿದಳು. ಹಂಚು ಆವತ್ತೇ ಆವಿಗೆಯಿಂದ ತೆಗೆದಂತೆ ಬೋಳಾಗಿತ್ತು.

ಕೆಲವು ವರ್ಷಗಳಿಂದ ಹೀಗೇ ಎಂದಳು ಫ್ಲೋರಾ. ನೀರಿಗಿಳಿದರೆ ಅಂಗೈಯಗಲದ ಬೀಸಣಿಗೆ ಚಿಪ್ಪುಗಳು ಈಗಲೂ ಕಾಣುತ್ತವೆ. ಆದರೆ ಎಲ್ಲವೂ ಮುದಿಯಾದವು. ಉಗುರಿನಷ್ಟು ಚಿಕ್ಕದು ಒಂದಾದರೂ ಕಣ್ಣಿಗೆ ಬೀಳದು. ಮೊಟ್ಟೆ ಇಡುತ್ತವೆ, ಮರಿಗಳು ನೀರಿನಲ್ಲಿ ತೇಲುವುದೂ ಸಿಗುತ್ತದೆ. ನೆಲಕ್ಕೆ ಮಾತ್ರ ಇಳಿಯುತ್ತಿಲ್ಲ. ಕಡಲು ಬೆಚ್ಚಗಾದದ್ದೇ ಕಾರಣವೆಂದು ಅವಳು ತಿಳಿದಿದ್ದಳು. ಅನುಮಾನ ಬಂದು ಹೋದ ವರ್ಷ ಗುಡ್ಡದಾಚೆಯ ಕೊಲ್ಲಿಯಲ್ಲಿ ನಾಲ್ಕು ಹಂಚು ಇಳಿಬಿಟ್ಟಿದ್ದಳು. ನೀರು ಅಷ್ಟೇ ಬೆಚ್ಚಗೆ. ಆದರೆ ಅಲ್ಲಿಗೆ ಹಡಗು ಹೋಗುವುದಿಲ್ಲ.

ಅವನ್ನು ತಂದು ತೋರಿಸಿದಳು. ಸಾಸಿವೆ ಚೆಲ್ಲಿದಂತೆ ಮರಿಗಳು.

ತನ್ಮಯಿ ತಲೆಯೆತ್ತಿ ಕೊಲ್ಲಿಯ ಕಡೆ ನೋಡಿದಳು. ಎದುರಿಗೆ ಲಂಗರು ಹಾಕಿ ನಿಂತ ಶಾಂಭವಿ, ಅದರ ನೆರಳು, ಬಿಳಿ ಬೆಳಕು. ಗಾಳಿ ನಿಂತಿತ್ತು. ಜಗತ್ತಿನಲ್ಲಿ ಇದಕ್ಕಿಂತ ನಿಶ್ಶಬ್ದವಾದ ಜಾಗ ಇರಲಾರದು ಎಂದು ಬಂದ ದಿನ ಅವಳಿಗೆ ಅನ್ನಿಸಿತ್ತು. ಈಗ ತನ್ನ ಚೀಲದಿಂದ ನೀರೊಳಗಿನ ಸದ್ದು ಹಿಡಿಯುವ ಮೈಕು ತೆಗೆದು, ತಂತಿ ಬಿಡುತ್ತಾ ಇಳಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ಅವಳದೇ ದನಿ. ಅವಳೇ ಹೊಂದಿಸಿದ ಏರಿಳಿತ. ಇಲ್ಲಿ ಜಾಗವಿಲ್ಲ, ಇಲ್ಲಿ ಜಾಗವಿಲ್ಲ.

*

“ಹಿಮದ ಕಡಲಾಗ ಲಂಗರು ಹಾಕಿದ ಮ್ಯಾಲೆ ಅಜ್ಜೀನ ಬಂದ್ ಮಾಡಬೇಕಂತ ನನ್ನ ಪುಸ್ತಕದಾಗ ಬರದದಲ್ರಿ?” ಎಂದು ತನ್ಮಯಿ ಕೇಳಿದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗುಣಕರನಿಗೆ ಉತ್ತರಿಸುವುದು ಸುಲಭವಾಗುತ್ತಿತ್ತು.

“ಬರೆದದ್ದು ಹೌದು ಮೇಡಂ. ಕರೆಂಟು ಉಳಿಸಲಿಕ್ಕೆ ಅಂತ ಬರೆದಿತ್ತು. ನಾವು ಕರೆಂಟು ಉಳಿಸಿದ್ದೇವೆ.”

“ಹೆಂಗ?”

“ನಮ್ಮ ಕ್ಯಾಬಿನ್‌ಗಳ ಹೀಟರ್ ಅರ್ಧ ಮಾಡಿದೆವು. ಎರಡು ಕಂಬಳಿ ಹೊದ್ದುಕೊಂಡರೆ ಆಯ್ತಲ್ಲ. ಕಷ್ಟದ ಜಾಗಕ್ಕೆ ಬಂದು ಅಜ್ಜಿಯ ಬಾಯಿ ಮುಚ್ಚಿಸುದುಂಟಾ? ನಾನು ತಾಂಡೇಲ ಆದ ಮೇಲೆ ಒಂದು ಗಳಿಗೆಯೂ ನಿಲ್ಲಿಸಲಿಲ್ಲ. ಮೊದಲಿನವನೂ ನಿಲ್ಲಿಸಲಿಲ್ಲ.” ಅವನ ಮಾತಿನಲ್ಲಿ ಹೆಮ್ಮೆಯಿತ್ತು. ಆಮೇಲೆ ಅವಳ ಮುಖ ನೋಡಿ ಆ ಹೆಮ್ಮೆ ಎಲ್ಲಿಡಬೇಕೆಂದು ತಿಳಿಯದೆ ನಿಂತ.

ತನ್ಮಯಿ ಹಂಚುಗಳ ವಿಷಯ ಹೇಳಿದಳು. ಗುಣಕರ ಪೂರ್ತಿ ಕೇಳಿದ.

“ಹಾಗಾದರೆ ಅಜ್ಜಿ ಕಳ್ಳರ ಜೊತೆ ಮನೆಯ ಮಕ್ಕಳನ್ನೂ ಓಡಿಸಿದಳು.”

“ಆಕೀಗೆ ಗುರುತು ಹೆಂಗ ಹತ್ತಬೇಕ್ರಿ. ನಾ ಕಲಿಸಿಲ್ಲ. ಬಂದರದಾಗಿನ ಮರಿ ಮ್ಯಾಲಷ್ಟ ನೋಡಿದ್ದೆ. ಇಲ್ಲಿ ಮರಿಗೂ ಅದ ಮಾತು ತಿಳಿತದ ಅಂತ ಅನ್ಕೊಂಡಿದ್ದಿಲ್ಲ.” ಮತ್ತೆ ಸೇರಿಸಿದಳು: “ಯಾಕ ನಿಲ್ಲಸಬೇಕು ಅನ್ನೋದು ನನಗೂ ಗೊತ್ತಿದ್ದಿಲ್ಲ. ಗೊತ್ತಿದ್ದಿದ್ರ ಕರೆಂಟಿನ ಮಾತು ಬರೀತಿದ್ದಿಲ್ಲ.”

ಗುಣಕರ ತಳದ ಕೋಣೆಗೆ ಇಳಿದ. ತನ್ಮಯಿಯೂ, ಅವಳ ಜೊತೆ ಹಡಗಿಗೆ ಬಂದಿದ್ದ ಫ್ಲೋರಾಳೂ ಹಿಂಬಾಲಿಸಿದರು. ಅವನು ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ, ಫ್ಲೋರಾಳನ್ನು ನೋಡಿದ. “ಫ್ಲೋರಾ ಬಾಯಮ್ಮ, ಇದು ನಿಂತರೆ ಸಾಕಾ?”

ಸಾಲದು. ಅಜ್ಜಿ ಸುಮ್ಮನಾದರೆ ಜನರೇಟರಿನ ಗುಂಯ್‌ಗುಡುವಿಕೆ ಉಳಿಯುತ್ತದೆ. ಕೊಲ್ಲಿಯ ಮರಿಗಳು ಅದನ್ನು ಬಂಡೆಯೆಂದು ನಂಬಿ ಹಡಗಿನ ತಳಕ್ಕೇ ಬಂದು ಕೂರುತ್ತವೆ. ಹಡಗು ಬೆಚ್ಚನೆಯ ನೀರಿನ ಕಡಲಿಗೆ ಹೋದಾಗ ಸಾಯುತ್ತವೆ. ಮರಿಗಳು ನೆಲಕ್ಕಿಳಿಯುವುದು ಬೇಸಿಗೆಯ ಈ ಕೆಲವೇ ವಾರ. ಮುದಿ ಚಿಪ್ಪುಗಳಿಗೆ ಇನ್ನೆಷ್ಟು ಬೇಸಿಗೆ ಉಳಿದಿದೆಯೋ ಫ್ಲೋರಾಳಿಗೆ ತಿಳಿಯದು. ಹಡಗು ಹೊರಟುಹೋಗಲೂ ಸಾಧ್ಯವಿಲ್ಲ. ಒಡೆದ ಹಿಮದ ಹಾಸು ಗಾಳಿಗೆ ತೇಲಿ ಬಂದು ಕೊಲ್ಲಿಯ ಬಾಯಿ ಮುಚ್ಚಿತ್ತು.

“ಅಂದ್ರ ಎಲ್ಲಾನೂ ಬಂದ್ ಮಾಡಬೇಕು,” ಎಂದಳು ತನ್ಮಯಿ.

“ಎಲ್ಲಾ ಅಂದರೆ?”

“ಜನರೇಟರ್, ಪಂಪು, ಹೀಟರ್. ನೆಲೀದೂ, ಹಡಗಿಂದೂ. ಹಿಮ ಬಾಯಿ ಬಿಡೋತನಕ.”

ಗುಣಕರ ಕೆನ್ನೆ ಕೆರೆದುಕೊಂಡ. “ಅರ್ಧ ಹೀಟರಿಗೆ ಎರಡು ಕಂಬಳಿ. ಪೂರ್ತಿ ಹೋದರೆ ನಾಲ್ಕು ಅಂತ ಲೆಕ್ಕವಾ?”

“ನಿಮ್ಮ ಹುಡುಗ್ರು ಒಪ್ತಾರೇನ್ರಿ?”

“ಒಪ್ಪಿಸುವ. ಅಜ್ಜಿಗೆ ವಿಶ್ರಾಂತಿ ಅಂತ ಹೇಳುವ. ಹದಿನೈದು ವರ್ಷ ಮಾತಾಡಿ ಅವಳಿಗೂ ಗಂಟಲು ನೋವು ಬಂದಿರಬಹುದು.”

ಗುಂಡಿ ಒತ್ತುವ ಮೊದಲು ಅವನು ಚಪ್ಪಲಿ ಬಿಟ್ಟ.

*

ಎಂಜಿನ್ನಿನ ಎಣ್ಣೆ ಹೆಪ್ಪುಗಟ್ಟದಂತೆ ಬಿಸಿಲಿನಿಂದ ತುಂಬುವ ಬ್ಯಾಟರಿಯಿಂದ ಬಿಸಿ ಇಡಬೇಕೆಂಬ ಒಂದೇ ಷರತ್ತಿನ ಮೇಲೆ ಕ್ಯಾಪ್ಟನ್ ಒಪ್ಪಿದರು. ಹಡಗಿನವರೆಲ್ಲ ದಡಕ್ಕೆ ಬಂದು ನೆಲೆಯ ಉಗ್ರಾಣದಲ್ಲಿ ಒತ್ತೊತ್ತಾಗಿ ಮಲಗಿದರು. ಸ್ಪಿರಿಟ್ ಒಲೆಯಲ್ಲಿ ಬೇಯಿಸಿದ ಗಂಜಿ ಬಟ್ಟಲಿಗೆ ಬರುವಷ್ಟರಲ್ಲಿ ಅರ್ಧ ತಣಿಯುತ್ತಿತ್ತು. ಬೇಸಿಗೆಯ ಸೂರ್ಯ ಮುಳುಗದೆ ದಿಗಂತದ ಅಂಚಿನಲ್ಲೇ ಸುತ್ತುತ್ತಿದ್ದ.

ಮೊದಲ ದಿನ ಎಲ್ಲರೂ ಪಿಸುಮಾತಿನಲ್ಲಿ ಮಾತಾಡಿದರು. ಹಾಗೆ ಮಾತಾಡಬೇಕೆಂದು ಯಾರೂ ಹೇಳಿರಲಿಲ್ಲ. ಎರಡನೆಯ ದಿನ ಒಬ್ಬ ನಿದ್ದೆ ಬರುತ್ತಿಲ್ಲವೆಂದ. ಇನ್ನೊಬ್ಬ, ಅಜ್ಜಿಯ ದನಿ ಇಲ್ಲದೆ ತನಗೂ ಬರುತ್ತಿಲ್ಲವೆಂದ. ಗುಣಕರ ಕಂಬಳಿಯೊಳಗಿಂದ, “ನಾನು ಬೇಕಾದರೆ ಗೊಣಗುತ್ತೇನೆ, ಮಲಗಿ,” ಎಂದ. “ನೀವು ಗೊರಕೆ ಹೊಡೆಯುದು ಸಾಕು ತಾಂಡೇಲರೆ, ಮರಿಗಳು ಅದಕ್ಕೇ ಓಡ್ತವೆ,” ಎಂದು ಮೂಲೆಯಿಂದ ಉತ್ತರ ಬಂತು.

ತನ್ಮಯಿ ಹೆಚ್ಚು ಹೊತ್ತು ಹೊರಗೆ ಬಂಡೆಯ ಮೇಲೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದಳು. ಮೌನ ಖಾಲಿಯಾಗಿರುತ್ತದೆಂದು ಅವಳು ತಿಳಿದಿದ್ದಳು. ಹಾಗಿರಲಿಲ್ಲ. ಹಿಮದೊಳಗೆ ಹಿಡಿದಿಟ್ಟ ಪುರಾತನ ಗಾಳಿ ಕರಗಿ ಬಿಡುಗಡೆಯಾಗುವ ಚಿಟಪಟ, ಎಲ್ಲೋ ದೂರ ಸೀಲ್ ಪ್ರಾಣಿಯ ಇಳಿಯುತ್ತಾ ಹೋಗುವ ಸಿಳ್ಳು, ಇವುಗಳ ಕೆಳಗೆ ಕಲ್ಲಿನದೇ ಎನ್ನಬಹುದಾದ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣ ಮಿಡಿತ. ಇಷ್ಟು ವರ್ಷ ಇದರ ಮೇಲೆ ತಾನು ಮಾತಾಡುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು. ಒಳ್ಳೆಯದನ್ನೇ ಹೇಳುತ್ತಿದ್ದೆ ಎಂಬುದು ಸಮಾಧಾನವಾಗಲಿಲ್ಲ.

ಗಾಳಿ ತಿರುಗಿ ಹಿಮದ ಹಾಸು ಸಡಿಲವಾದ ಬೆಳಗ್ಗೆ ಫ್ಲೋರಾ, ಯಂತ್ರಗಳು ನಿಂತ ದಿನ ಇಳಿಬಿಟ್ಟಿದ್ದ ಹೊಸ ಹಂಚುಗಳನ್ನು ಎತ್ತಿದಳು. ಎಲ್ಲರೂ ಸುತ್ತ ನೆರೆದರು. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಫ್ಲೋರಾ ಹಂಚನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಬಹಳ ಹೊತ್ತು ಕಣ್ಣು ತೆಗೆಯದೆ, ಕೊನೆಗೆ, “ಬಂದಿದ್ದಾವೆ,” ಎಂದಳು.

ಯಾರೋ ಗುಣಕರನ ಬೆನ್ನು ತಟ್ಟಿದರು. ಅವನು ಮೂಗು ಒರೆಸಿಕೊಂಡು, ಚಳಿ ಎಂದ.

ಫ್ಲೋರಾ ಮಾತ್ರ ತಲೆಯೆತ್ತಿರಲಿಲ್ಲ. “ತನ್ಮಯಿ, ನೀನೂ ನೋಡು. ಬಲಗಡೆಯ ಅಂಚಿಗೆ.”

ಬೀಸಣಿಗೆ ಚಿಪ್ಪಿನ ದುಂಡು ಮರಿಗಳ ನಡುವೆ ಒಂದು ಬೇರೆ ಆಕಾರ ಇತ್ತು. ಉದ್ದನೆಯದು, ಒಂದು ತುದಿ ಚೂಪು. ತನ್ಮಯಿ ಅದನ್ನು ತನ್ನ ಪ್ರಯೋಗಾಲಯದ ತೊಟ್ಟಿಗಳಲ್ಲಿ ಸಾವಿರಾರು ಸಲ ನೋಡಿದ್ದಳು. ನಮ್ಮ ಪಚ್ಚಿಲೆಯ ದಾಯಾದಿ. ತಂಪು ದೇಶಗಳ ಬಂದರುಗಳಲ್ಲಿ ಬೆಳೆಯುವಂಥದು.

*

ಅದು ಶಾಂಭವಿಯಿಂದ ಬಂದದ್ದಲ್ಲ. ಹಡಗಿನ ತಳ ಗಾಜಿನಂತಿತ್ತು. ಹುಡುಕುತ್ತಾ ಹೋದ ಫ್ಲೋರಾಳಿಗೆ ಅದರ ಮೂಲ ಸಿಕ್ಕಿದ್ದು ನೆಲೆಯಿಂದ ಕೂಗಳತೆಯಲ್ಲಿ. ಕೊಲ್ಲಿಯಲ್ಲಿ ಹಿಂದೊಮ್ಮೆ ಯಾರೋ ಕಟ್ಟಿ ಬಿಟ್ಟುಹೋದ ಹಡಗುಕಟ್ಟೆಯ ಮುರುಕು ಕಂಬಗಳಿದ್ದವು. ಅವುಗಳ ಬುಡದ ಬಿರುಕಿನಲ್ಲಿ, ಹಿಮ ಉಜ್ಜಲಾರದ ಸಂದಿಯಲ್ಲಿ, ಒಂದು ಬುಟ್ಟಿ ತುಂಬುವಷ್ಟು ಪರದೇಶದ ಚಿಪ್ಪುಗಳು ಒಂದಕ್ಕೊಂದು ತಬ್ಬಿಕೊಂಡು ಕೂತಿದ್ದವು. ಅವೂ ಎಲ್ಲ ಮುದಿಯಾದವು. ಅವೂ ವರ್ಷವರ್ಷ ಮರಿಗಳನ್ನು ನೀರಿಗೆ ಬಿಡುತ್ತಿದ್ದವು. ಆ ಮರಿಗಳಿಗೂ ಗೊಣಗಜ್ಜಿ ಜಾಗವಿಲ್ಲ ಎಂದಿದ್ದಳು. ಇಷ್ಟು ಕಾಲ ಅವಳೇ ಅವುಗಳನ್ನು ಆ ಸಂದಿಯಲ್ಲಿ ಹಿಡಿದಿಟ್ಟಿದ್ದಳು.

“ಈಗ ಎಂತ ಮಾಡುದು ಮೇಡಂ?” ಎಂದ ಗುಣಕರ. “ಅವಳನ್ನು ಮಾತಾಡಿಸುದಾ, ಬಿಡುದಾ?”

ಮಾತಾಡಿಸಿದರೆ ಕೊಲ್ಲಿ ಪರದೇಶದವರಿಂದ ಉಳಿಯುತ್ತದೆ, ತನ್ನವರಿಲ್ಲದೆ ನಿಧಾನವಾಗಿ ಸಾಯುತ್ತದೆ. ಬಿಟ್ಟರೆ ಇಬ್ಬರೂ ಬರುತ್ತಾರೆ. ತನ್ಮಯಿಗೆ ತನ್ನ ಯಂತ್ರದಲ್ಲಿ ಮೂರನೆಯ ಉತ್ತರ ಸಿಗಲಿಲ್ಲ.

“ಇಲ್ಲಿ ಬ್ಯಾಡ್ರಿ,” ಎಂದಳು ಕೊನೆಗೆ. “ಬಂದರದಾಗ, ನಡು ಕಡಲಾಗ ಮಾತಾಡಲಿ. ಇಲ್ಲಿ ನಾವ ನೀರಿಗಿಳದು ಕೈಲೇ ಕೀಳಬೇಕು. ಈ ವರ್ಷ, ಮುಂದಿನ ವರ್ಷ, ಅದರ ಮುಂದಿನ ವರ್ಷ. ಒಂದ್ ಬಿಟ್ರೂ ಮತ್ತ ಹಬ್ಬತಾವ.”

“ನನ್ನ ಅಮ್ಮ ಇದ್ದಿದ್ದರೆ ಒಂದು ಕತ್ತಿ ಹಿಡಿದು ಇಳಿದು, ಸಂಜೆಗೆ ಸುಕ್ಕ ಮಾಡಿ ಬಡಿಸ್ತಿದ್ದರು,” ಎಂದ ಗುಣಕರ. ಆಮೇಲೆ ಮೆಲ್ಲನೆ, “ನಾನು ಇಳಿಯುತ್ತೇನೆ,” ಎಂದ.

ಇಳಿದರು. ಫ್ಲೋರಾ, ಗುಣಕರ, ಮುಳುಗುವುದು ಬಲ್ಲ ಇನ್ನಿಬ್ಬರು. ಸರದಿಯ ಮೇಲೆ, ಕೈ ಮರಗಟ್ಟುವವರೆಗೆ. ತನ್ಮಯಿ ದಡದಲ್ಲಿ ಕೂತು ಒಪ್ಪಂದದ ಸಭೆಗೆ ಪತ್ರ ಬರೆದಳು. ಹಡಗುಗಳಲ್ಲಿ ಬಿಡದೆ ಯಂತ್ರ ನುಡಿಸುವ ನಿಯಮ ಬೇಡ. ಕೊಲ್ಲಿಗಳ ಬಳಿ ಅದು ಬಾಯಿ ಮುಚ್ಚಿರಬೇಕು. ಮರಿಗಳು ನೆಲಕ್ಕಿಳಿಯುವ ವಾರಗಳಲ್ಲಿ ಹಡಗುಗಳೇ ಹೋಗಬಾರದು, ತನ್ನ ದೇಶದ್ದೂ ಸೇರಿ. ಕಾರಣಗಳನ್ನು ಒಂದೂ ಬಿಡದೆ ಬರೆದಳು. ತನ್ನ ಯಂತ್ರಕ್ಕೆ ಸಿಗಬೇಕಾಗಿದ್ದ ಒಪ್ಪಿಗೆ ಇದರಿಂದ ತಪ್ಪುತ್ತದೆಂದು ಅವಳಿಗೆ ಗೊತ್ತಿತ್ತು. ತಪ್ಪಿತು. ಹಡಗು ತಡೆಯುವ ಸಲಹೆಯನ್ನು ಮುಂದಿನ ಸಭೆಯಲ್ಲಿ ನೋಡೋಣ ಎಂದರು.

ಹಂಚಿನ ಮೇಲೆ ಕೂತ ಮರಿಗಳು ಅಂಗೈಯಗಲ ಆಗಬೇಕಾದರೆ ಎಷ್ಟೋ ಬೇಸಿಗೆ ಬೇಕು. ಅಷ್ಟರಲ್ಲಿ ಗುಣಕರ ಕಡಲು ಬಿಟ್ಟಿರುತ್ತಾನೆ.

ಕಂಬದ ಸಂದಿಯಿಂದ ಕಿತ್ತ ಚಿಪ್ಪಿನ ಗಡ್ಡೆಯನ್ನು ಫ್ಲೋರಾ ಪದರ ಪದರವಾಗಿ ಬಿಡಿಸಿ ನೋಡಿದಳು. ಮರದ ಉಂಗುರಗಳಂತೆ ಚಿಪ್ಪಿನಲ್ಲೂ ವರ್ಷದ ಗೆರೆಗಳಿರುತ್ತವೆ. ಮೇಲೆ ಬದುಕಿದ್ದವು, ಅವುಗಳ ಕೆಳಗೆ ಅವುಗಳ ಹಿರಿಯರ ಸತ್ತ ಚಿಪ್ಪು, ಅವುಗಳ ಕೆಳಗೆ ಇನ್ನೂ ಹಿರಿಯರದು. ಎಲ್ಲಕ್ಕಿಂತ ತಳದ ಪದರದಲ್ಲಿ ಬೆರಳೆಣಿಕೆಯಷ್ಟೇ ಚಿಪ್ಪುಗಳಿದ್ದವು, ಸುಣ್ಣದಂತೆ ಪುಡಿಯಾಗುವಷ್ಟು ಹಳೆಯವು. ಅವು ಈ ನೀರಿಗೆ ಬಂದ ಕಾಲವನ್ನು ಅವಳು ಲೆಕ್ಕಹಾಕಿ ತನ್ಮಯಿಗೆ ಹೇಳಿದಳು. ಇಬ್ಬರೂ ಇನ್ನೂ ಶಾಲೆಗೆ ಹೋಗುತ್ತಿದ್ದ ವರ್ಷಗಳು. ಎರಡು ಸಾವಿರದ ಇಪ್ಪತ್ತರ ದಶಕ.

ಆಗ ಯಾವುದೋ ಬಂದರಿನಲ್ಲಿ, ದಕ್ಷಿಣಕ್ಕೆ ಹೊರಡಲಿರುವ ಹಡಗೊಂದು ನಿಂತಿದೆ. ನೀರಿನ ಗೆರೆಯ ಕೆಳಗೆ ಕಪ್ಪಗೆ ಏನೋ ಅಂಟಿರುವುದನ್ನು ಒಬ್ಬ ನೋಡುತ್ತಾನೆ. ಅಲ್ಲಿಯ ಚಳಿಗೆ ಅದು ಉಳಿಯುತ್ತದೆಯೇ ಎನ್ನುತ್ತಾನೆ ಇನ್ನೊಬ್ಬ. ಉಜ್ಜಿ ತೆಗೆಯಲು ಒಂದು ಬ್ರಷ್ಷು, ಇಬ್ಬರು ಆಳು, ಒಂದು ದಿನದ ಕೆಲಸ. ಹೊರಡುವ ಹೊತ್ತು ಇನ್ನೂ ಆಗಿಲ್ಲ.